ಯಂತ್ರವು ‘ಇಲ್ಲ’ವೆಂದಾಗ ಹೇಳುವ ಕಾರಣ

ಪುಣೆಯಿಂದ ಲೋಣಾವಳೆಯ ಕಡೆಗೆ ಹೋಗುವ ಲೋಕಲ್ ರೈಲು ಆಕುರ್ಡಿಯನ್ನು ದಾಟಿದ ತರುವಾಯ ನಿಲ್ಲುವ ಊರು ದೇಹೂ ರೋಡ್. ಸಂತ ತುಕಾರಾಮರ ದೇಹೂ ಗ್ರಾಮಕ್ಕೆ ಹೊರಟ ಯಾತ್ರಿಕರು ಇಳಿಯುವ ನಿಲ್ದಾಣ ಇದು. 1954ರ ಡಿಸೆಂಬರ್ 25ರಂದು ಡಾಕ್ಟರ್ ಅಂಬೇಡ್ಕರರು ತಮ್ಮ ಕೈಯಿಂದ ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದ ವಿಹಾರವಿರುವ ಸ್ಥಳವೂ ಇದೇ. ಆದರೆ ಈ ಊರಿನ ದಿನಚರಿಯನ್ನು ರೂಪಿಸಿರುವುದು ಸೈನ್ಯದ ಆಯುಧಭಂಡಾರ, ಇಲ್ಲಿಯ ಜನ ‘ಡೆಪೋ’ ಎಂದಷ್ಟೇ ಕರೆಯುವ ಆ ವಿಸ್ತಾರವಾದ ಆವರಣ. ಉದ್ದನೆಯ ಗೋಡೆ, ಅದರ ಮೇಲೆ ಮುಳ್ಳುತಂತಿ, ಗೇಟಿನ ಬಳಿ ಪ್ರವೇಶ ನಿಷಿದ್ಧವೆಂದು ಸಾರುವ ಫಲಕ, ಫಲಕದ ಪಕ್ಕದಲ್ಲಿ ಪಹರೆಯವನು. ದಾರಿ ತಪ್ಪಿ ಅಲ್ಲಿಗೆ ಹೋದವನಿಗೆ ಅವನು ‘ಈ ಕಡೆ ಹೋಗುವಂತಿಲ್ಲ’ ಎನ್ನುತ್ತಾನೆಯೇ ಹೊರತು ‘ಈ ಕಡೆ ಏನೂ ಇಲ್ಲ’ ಎನ್ನುವುದಿಲ್ಲ. ಇವೆರಡೂ ‘ಇಲ್ಲ’ಗಳೇ, ಆದರೆ ಮೊದಲನೆಯದನ್ನು ಕೇಳಿದವನು ಪಾಸು ಮಾಡಿಸಿಕೊಂಡು ಬರಬಹುದು, ಎರಡನೆಯದನ್ನು ಕೇಳಿದವನು ಕೈಯಲ್ಲಿರುವ ವಿಳಾಸವನ್ನೇ ಮತ್ತೊಮ್ಮೆ ಓದಿ ನೋಡಬೇಕು. ಒಂದರ ಬದಲು ಇನ್ನೊಂದನ್ನು ಹೇಳಿದರೆ ಮನುಷ್ಯನ ಒಂದು ದಿನವೇ ವ್ಯರ್ಥವಾದೀತು.

ಗಣಕಯಂತ್ರವೂ ದಿನಕ್ಕೆ ಸಾವಿರಾರು ಸಲ ‘ಇಲ್ಲ’ ಎನ್ನುತ್ತದೆ. ಮತ್ತು, ಈ ಸಂಗತಿಯನ್ನು ಬಲ್ಲವರು ಕಡಿಮೆ, ಪ್ರತಿಯೊಂದು ಸಲವೂ ಯಾವ ಬಗೆಯ ‘ಇಲ್ಲ’ ಎಂಬುದನ್ನು ಅದು ನಿಷ್ಠೆಯಿಂದ ಗುರುತು ಹಾಕಿ ಇಡುತ್ತದೆ. ಆ ಗುರುತನ್ನು ಓದಿ ಮನುಷ್ಯನಿಗೆ ತಿಳಿಸುವುದು ಪ್ರೋಗ್ರಾಂ ಬರೆದವನ ಹೊಣೆ. ಅವನು ಆ ಹೊಣೆಯನ್ನು ಹೊರದೆ ಹೋದಾಗ ಯಂತ್ರ ಹೇಳಿದ್ದ ಸತ್ಯವು ಯಂತ್ರದೊಳಗೇ ಉಳಿದು, ಹೊರಗೆ ಕುಳಿತವನ ಪಾಲಿಗೆ ‘ಎರರ್’ ಎಂಬ ಒಂದು ಬರಿಯ ಮಾತು ಮಾತ್ರ ಬರುತ್ತದೆ. ಈ ಲೇಖನದ ವಿಷಯ ಆ ಹೊಣೆ.

ದೇಹೂ ರೋಡಿನ ನಮ್ಮ ಕೇರಿಯಲ್ಲಿ ಜತ್ತ ತಾಲೂಕಿನಿಂದ ಬಂದ ಒಂದು ಕುಟುಂಬವಿದೆ. ಜತ್ತ ಸಾಂಗಲಿ ಜಿಲ್ಲೆಯದು, ಮಹಾರಾಷ್ಟ್ರಕ್ಕೆ ಸೇರಿದ್ದು. ಆದರೆ ಅಲ್ಲಿಯ ಅನೇಕ ಹಳ್ಳಿಗಳ ಮನೆಮಾತು ಕನ್ನಡ, ಮಕ್ಕಳು ಕಲಿಯುವುದು ಕನ್ನಡ ಶಾಲೆಗಳಲ್ಲಿ. ಆ ಮನೆಯ ಹುಡುಗ ಹೀಗೆ ಕನ್ನಡದಲ್ಲಿ ಹತ್ತನೆಯ ತರಗತಿ ಮುಗಿಸಿ ಈಗ ಡಿಪ್ಲೊಮಾ ಓದುತ್ತಿದ್ದಾನೆ. ಭಾನುವಾರಗಳಂದು ಹಳೆಯದೊಂದು ಲ್ಯಾಪ್‌ಟಾಪನ್ನು ಬಗಲಲ್ಲಿ ಹಿಡಿದು ನಮ್ಮ ಪಡಸಾಲೆಗೆ ಬರುತ್ತಾನೆ. ಸಿ ಭಾಷೆಯಲ್ಲಿ ನನಗೆ ತಿಳಿದಷ್ಟನ್ನು ಹೇಳಿಕೊಡುತ್ತೇನೆ. ಕಳೆದ ಮಳೆಗಾಲದ ಒಂದು ಭಾನುವಾರ ಅವನು ಬಂದಾಗ ಮುಖ ಬಾಡಿತ್ತು.

“ಕಾಕಾ, ಫೈಲ್ ಐತ್ರಿ, ಪರ್ಮಿಶನ್ನೂ ಕೊಟ್ಟೀನ್ರಿ, ಆದ್ರೂ ಇದು ಪರ್ಮಿಶನ್ ಇಲ್ಲ ಅಂತೈತ್ರಿ. ನಿನ್ನೆ ರಾತ್ರಿಯಿಂದ ನೋಡಾಕತ್ತೀನಿ.”

“ಮೊದಲು ಕುಂದರು ತಮ್ಮಾ, ಚಾ ಕುಡಿ. ಆಮೇಲೆ ತೋರಿಸು,” ಎಂದೆ.

ಅವನ ಪ್ರೋಗ್ರಾಂ ಸಣ್ಣದು: ತರಗತಿಯ ಅಂಕಗಳನ್ನು ಬರೆದಿಟ್ಟ ಒಂದು ಕಡತವನ್ನು ತೆರೆದು, ಓದಿ, ಸರಾಸರಿಯನ್ನು ಹೇಳುವುದು. ಕಡತ ತೆರೆಯದಿದ್ದರೆ ಕಾರಣವನ್ನು ಮುದ್ರಿಸುವ ಸಾಲನ್ನೂ ಅವನು ಬರೆದಿದ್ದ. ಅದನ್ನು ನೋಡಿ ನನಗೆ ಸಂತೋಷವಾಯಿತು. ಆದರೆ ಮುದ್ರಿತವಾಗುತ್ತಿದ್ದ ಕಾರಣ ಸುಳ್ಳಾಗಿತ್ತು. ಅದು ಹೇಗೆ ಸುಳ್ಳಾಯಿತೆಂಬುದನ್ನು ಹೇಳಬೇಕಾದರೆ ಕಾರಣವು ಯಂತ್ರದೊಳಗೆ ಹುಟ್ಟುವ ಬಗೆಯನ್ನು ಮೊದಲು ವಿವರಿಸಬೇಕು.

ಪ್ರೋಗ್ರಾಂ ಎಂಬುದು ತಾನಾಗಿ ಯಾವ ಕಡತವನ್ನೂ ತೆರೆಯಲಾರದು. ಡಿಸ್ಕು, ಪರದೆ, ಜಾಲಸಂಪರ್ಕ ಇವೆಲ್ಲವೂ ಆಪರೇಟಿಂಗ್ ಸಿಸ್ಟಮ್ ಎಂಬ ಆಡಳಿತಾಂಗದ ಅಧೀನದಲ್ಲಿದ್ದು, ಪ್ರೋಗ್ರಾಂ ಅದರ ಮುಂದೆ ಅರ್ಜಿಯನ್ನಿಡುತ್ತದೆ: ಈ ಹೆಸರಿನ ಕಡತವನ್ನು ತೆರೆದುಕೊಡು, ಇಷ್ಟು ಸ್ಮೃತಿಯನ್ನು ಕೊಡು, ಆ ಯಂತ್ರದೊಡನೆ ಸಂಪರ್ಕವನ್ನು ಕಲ್ಪಿಸು. ಅರ್ಜಿಯು ತಿರಸ್ಕೃತವಾದರೆ ಎರಡು ಸಂಗತಿಗಳು ನಡೆಯುತ್ತವೆ. ಆಗಲಿಲ್ಲವೆಂಬ ಉತ್ತರವು ಮರಳಿ ಬರುತ್ತದೆ. ಅದರ ಜೊತೆಗೆ ಏಕೆ ಆಗಲಿಲ್ಲವೆಂಬುದನ್ನು ಸೂಚಿಸುವ ಒಂದು ಸಂಖ್ಯೆಯು ‘ಎರ್‌ನೋ’ ಎಂಬ ಹೆಸರಿನ ನಿಯತವಾದ ಜಾಗದಲ್ಲಿ ಬಂದು ಕೂರುತ್ತದೆ. 2 ಎಂದರೆ ಅಂಥ ಕಡತವೇ ಇಲ್ಲ. 13 ಎಂದರೆ ಕಡತವುಂಟು, ನಿನಗೆ ಅನುಮತಿಯಿಲ್ಲ. 28 ಎಂದರೆ ಡಿಸ್ಕಿನಲ್ಲಿ ಸ್ಥಳ ಉಳಿದಿಲ್ಲ. 17 ಎಂದರೆ ಆ ಹೆಸರಿನ ಕಡತ ಈಗಾಗಲೇ ಇದೆ. ಹಿಂದೆ ವಿಲೇವಾರಿಯಾಗದೆ ಮರಳಿ ಬಂದ ಕಾಗದದ ಮೇಲೆ ಅಂಚೆಯವನು ‘ಬಾಗಿಲು ಹಾಕಿದೆ’, ‘ವಿಳಾಸ ಅಪೂರ್ಣ’, ‘ಸ್ವೀಕರಿಸಲು ನಿರಾಕರಿಸಿದರು’, ‘ಊರು ಬಿಟ್ಟಿದ್ದಾರೆ’ ಎಂದು ಒಂದು ಷರಾ ಬರೆಯುತ್ತಿದ್ದನಷ್ಟೆ. ಕಾಗದ ಬರೆದವನು ಮುಂದೇನು ಮಾಡಬೇಕೆಂಬುದು ಪೂರ್ತಿಯಾಗಿ ಆ ಷರಾವನ್ನೇ ಅವಲಂಬಿಸಿತ್ತು. ಎರ್‌ನೋದ ಸಂಖ್ಯೆಯೂ ಅಂಥ ಷರಾ.

ಸಂಖ್ಯೆಯನ್ನು ಮನುಷ್ಯರ ಮಾತಾಗಿ ಬದಲಿಸಲು ಸಿ ಭಾಷೆಯಲ್ಲಿ ಎರಡು ಸಲಕರಣೆಗಳಿವೆ. ‘ಸ್ಟ್ರ್‌ಎರರ್’ ಎಂಬುದು ಸಂಖ್ಯೆಯನ್ನು ತೆಗೆದುಕೊಂಡು ಅದಕ್ಕೆ ಸಲ್ಲುವ ವಾಕ್ಯವನ್ನು ಕೊಡುತ್ತದೆ. ಆ ವಾಕ್ಯವನ್ನು ಎಲ್ಲಿ ಹೇಗೆ ಮುದ್ರಿಸಬೇಕೆಂಬುದು ಬರೆಯುವವನ ಇಷ್ಟ. ‘ಪಿ-ಎರರ್’ ಎಂಬುದು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ನಾವು ಕೊಟ್ಟ ಹೆಸರನ್ನು ಮೊದಲು ಬರೆದು, ಅದರ ಮುಂದೆ ವಿವರಣಚಿಹ್ನೆಯನ್ನಿಟ್ಟು, ಬಳಿಕ ಕಾರಣವನ್ನು ತಾನೇ ಮುದ್ರಿಸಿ ಸಾಲನ್ನು ಮುಗಿಸುತ್ತದೆ. ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ರೂಪಿಸಿದ ಯೂನಿಕ್ಸ್ ವ್ಯವಸ್ಥೆಯ ಏಳನೆಯ ಆವೃತ್ತಿ 1979ರಲ್ಲಿ ಹೊರಬಂದಾಗ ಈ ಷರಾಗಳ ಸಂಖ್ಯೆ 34ಕ್ಕೆ ಮುಟ್ಟಿತ್ತು. ಅದೇ ಮಾದರಿಯ ಈಗಿನ ಲಿನಕ್ಸ್ ವ್ಯವಸ್ಥೆಯಲ್ಲಿ ಅದು, ನಡುವೆ ಖಾಲಿಯಾಗಿರುವ ಒಂದೆರಡು ಅಂಕೆಗಳನ್ನು ಬಿಟ್ಟು, 133ರವರೆಗೆ ಬೆಳೆದಿದೆ.

ಇಷ್ಟೊಂದು ಕಾರಣಗಳನ್ನು ಲೆಕ್ಕವಿಟ್ಟ ಆ ಯೂನಿಕ್ಸಿನಲ್ಲಿಯೇ ‘ಇ-ಡಿ’ ಎಂಬ ಬರವಣಿಗೆಯ ತಂತ್ರಾಂಶವು, ಬಳಸುವವನು ಏನು ತಪ್ಪಿದರೂ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಮಾತ್ರ ಮುದ್ರಿಸಿ ಸುಮ್ಮನಾಗುತ್ತಿತ್ತು. ಅದನ್ನು ಬರೆದವರು ಥಾಂಪ್ಸನ್ನರೇ. ಆಗ ಗಣಕದ ಉತ್ತರಗಳು ಬರುತ್ತಿದ್ದುದು ಟೆಲಿಟೈಪ್ ಎಂಬ, ಒಂದೊಂದೇ ಅಕ್ಷರವನ್ನು ಕಾಗದದ ಮೇಲೆ ಕುಟ್ಟುವ ನಿಧಾನದ ಯಂತ್ರಗಳಲ್ಲಿ. ಬಲ್ಲವರಿಗೆ ಒಂದು ಚಿಹ್ನೆ ಸಾಕು ಎಂಬ ಭಾವನೆಗೆ ಆ ಸಂದರ್ಭದಲ್ಲಿ ಅರ್ಥವಿದ್ದಿತು. ಮುಂದೆ ಆ ತಂತ್ರಾಂಶಕ್ಕೆ, ಪ್ರಶ್ನೆಚಿಹ್ನೆ ಬಿದ್ದ ಮೇಲೆ ಅದರ ಅರ್ಥವನ್ನು ಕೇಳಿ ತಿಳಿಯುವ ಒಂದು ಆಜ್ಞೆಯನ್ನು ಸೇರಿಸಬೇಕಾಯಿತು. ಬಲ್ಲವರಿಗೂ ಒಂದು ಚಿಹ್ನೆ ಸಾಲದು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷ್ಯ ಬೇಡ.

ಕಾರಣವನ್ನು ಹೇಳಿದರಷ್ಟೇ ಸಾಲದು, ಯಾವ ದಾರಿಯಲ್ಲಿ ಹೇಳಬೇಕೆಂಬುದೂ ಇತ್ಯರ್ಥವಾಗಬೇಕಾಗಿತ್ತು. ಈ ಇತ್ಯರ್ಥದ ಕಥೆಯನ್ನು ಬೆಲ್ ಪ್ರಯೋಗಾಲಯದಲ್ಲಿದ್ದ ಸ್ಟೀವ್ ಜಾನ್ಸನ್ ಹೇಳಿದ್ದಾರೆ. ಮುದ್ರಣದ ಕೆಲಸವನ್ನು ಕಣ್ಣಾರೆ ಕಂಡವರಿಗೆ ಅದು ಚೆನ್ನಾಗಿ ಹಿಡಿಸುವಂಥದು. ಪ್ರಯೋಗಾಲಯಕ್ಕೆ ಒಂದು ಫೋಟೋ ಟೈಪ್‌ಸೆಟ್ಟಿಂಗ್ ಯಂತ್ರ ಬಂದಿತ್ತು. ಅಕ್ಷರಗಳನ್ನು ಬೆಳಕಿನಿಂದ ಛಾಯಾಚಿತ್ರದ ಕಾಗದದ ಮೇಲೆ ಮೂಡಿಸಿ, ಆ ಅಗಲವಾದ ಕಾಗದದ ಸುರುಳಿಯನ್ನು ದುರ್ವಾಸನೆಯ ರಾಸಾಯನಿಕಗಳಿದ್ದ ಇನ್ನೊಂದು ಯಂತ್ರದೊಳಕ್ಕೆ ಜೋಪಾನವಾಗಿ ತೂರಿಸಿ, ಹಲವು ನಿಮಿಷ ಕಾದ ಮೇಲೆ ಅಚ್ಚಾದ ಪುಟವು ಹೊರಗೆ ಬರುತ್ತಿತ್ತು. ಒಂದು ಮಧ್ಯಾಹ್ನ ಅಲ್ಲಿದ್ದವರಲ್ಲಿ ಹಲವರಿಗೆ ಒಂದೇ ಅನುಭವವಾಯಿತು: ಇಷ್ಟೆಲ್ಲ ಶ್ರಮಪಟ್ಟು ಕಾದು ತೆಗೆದ ಕಾಗದದ ಮೇಲೆ ಅವರ ಲೇಖನವಿರಲಿಲ್ಲ; ಅದರ ಬದಲು, ಇಂಥ ಕಡತವನ್ನು ತೆರೆಯಲಾಗಲಿಲ್ಲ ಎಂಬ ಒಂದೇ ಒಂದು ಸಾಲು ಅತ್ಯಂತ ಸುಂದರವಾದ ಅಕ್ಷರಗಳಲ್ಲಿ ಅಚ್ಚಾಗಿತ್ತು. ಪ್ರೋಗ್ರಾಂನ ಫಲವೂ ಅದರ ದೂರೂ ಒಂದೇ ಕಾಲುವೆಯಲ್ಲಿ ಹರಿಯುತ್ತಿದ್ದುದರಿಂದ, ಫಲವನ್ನು ಮುದ್ರಣಯಂತ್ರಕ್ಕೆ ತಿರುಗಿಸಿದಾಗ ದೂರೂ ಅದರೊಡನೆಯೇ ಹೋಗಿತ್ತು. ಅವರ ಗೊಣಗಾಟವು ಕೇಳಬೇಕಾದವರ ಕಿವಿಗೆ ಬಿದ್ದು, ಎರಡು ಮೂರು ದಿನಗಳಲ್ಲಿ ದೋಷಗಳಿಗೆಂದೇ ಪ್ರತ್ಯೇಕವಾದ ಒಂದು ಕಾಲುವೆಯನ್ನು ತೋಡಲಾಯಿತು. ‘ಸ್ಟ್ಯಾಂಡರ್ಡ್ ಎರರ್’ ಎಂದು ಅದರ ಹೆಸರು.

ಪಿ-ಎರರ್ ತನ್ನ ವಾಕ್ಯವನ್ನು ಹರಿಸುವುದು ಈ ಎರಡನೆಯ ಕಾಲುವೆಯಲ್ಲಿ. ಫಲವನ್ನು ಕಡತಕ್ಕೆ ತುಂಬಿಸಿಕೊಳ್ಳಿ, ಮುದ್ರಕಕ್ಕೆ ಕಳುಹಿಸಿ, ಇನ್ನೊಂದು ಪ್ರೋಗ್ರಾಂನ ಬಾಯಿಗೆ ಕೊಡಿ. ದೂರು ಮಾತ್ರ ಕುಳಿತವನ ಕಣ್ಣೆದುರಿಗೇ ಬರುತ್ತದೆ. ವಿದ್ಯಾರ್ಥಿಗಳು ಮಾಡುವ ಸಾಮಾನ್ಯವಾದ ತಪ್ಪೆಂದರೆ, ದೋಷಸಂದೇಶವನ್ನೂ ‘ಪ್ರಿಂಟ್‌ಎಫ್’ ಎಂಬ ಸಾಧಾರಣ ಮುದ್ರಣದ ಆಜ್ಞೆಯಿಂದಲೇ ಬರೆಯುವುದು. ಪರದೆಯ ಮೇಲೆ ನೋಡುವಾಗ ಎರಡೂ ಒಂದೇ ಎಂಬಂತೆ ತೋರುವುದರಿಂದ ಅವರಿಗೆ ಭೇದ ತಿಳಿಯುವುದಿಲ್ಲ. ಒಂದು ದಿನ ಸಂಬಳದ ಪಟ್ಟಿಯ ನಡುವೆ, ಒಬ್ಬರ ಹೆಸರಿಗೂ ಇನ್ನೊಬ್ಬರ ಹೆಸರಿಗೂ ಮಧ್ಯದಲ್ಲಿ, ‘ಎರರ್’ ಎಂಬ ಸಾಲು ಅಚ್ಚಾಗಿ ಬಂದಾಗ ತಿಳಿಯುತ್ತದೆ.

ಈಗ ನಮ್ಮ ಹುಡುಗನ ಸಂಕಟಕ್ಕೆ ಬರೋಣ. ಎರ್‌ನೋ ಎಂಬ ಜಾಗವು ಒಂದೇ; ಅದರಲ್ಲಿ ಹಿಡಿಸುವುದು ಒಂದೇ ಸಂಖ್ಯೆ. ಹೊಸ ವೈಫಲ್ಯವೊಂದು ಸಂಭವಿಸಿದರೆ ಹಳೆಯದರ ಗುರುತು ಅಳಿದು ಹೊಸದು ಬರುತ್ತದೆ. ಅಲ್ಲದೆ, ಕೆಲಸವು ಸಫಲವಾಯಿತೆಂದು ಆ ಜಾಗವನ್ನು ಯಾರೂ ಒರಸಿ ಶೂನ್ಯ ಮಾಡುವುದಿಲ್ಲ: ಭಾಷೆಯೊಡನೆ ಬರುವ ಸಿದ್ಧ ಕ್ರಿಯೆಗಳ ಗ್ರಂಥಾಲಯದ (ಲೈಬ್ರರಿಯ) ಯಾವ ಕ್ರಿಯೆಯೂ ಎರ್‌ನೋವನ್ನು ಸೊನ್ನೆಗೆ ಇಳಿಸತಕ್ಕದ್ದಲ್ಲ ಎಂದು ಸಿ ಭಾಷೆಯ ಪ್ರಮಾಣಗ್ರಂಥವೇ ವಿಧಿಸಿದೆ. ಆದುದರಿಂದ ಆ ಸಂಖ್ಯೆಗೆ ಅರ್ಥವಿರುವುದು ವೈಫಲ್ಯವು ಸಂಭವಿಸಿದ ಮರುಕ್ಷಣದಲ್ಲಿ ಮಾತ್ರ. ಆಗಲೇ ಕೇಳಿದರೆ ಸತ್ಯ. ನಡುವೆ ಬೇರೆ ಯಾವುದಾದರೂ ಕೆಲಸಕ್ಕೆ ಕೈಹಾಕಿ ಆಮೇಲೆ ಕೇಳಿದರೆ ಬರುವ ಉತ್ತರ ಯಾವ ಪ್ರಶ್ನೆಯದೋ ಹೇಳಬರುವುದಿಲ್ಲ.

ಹುಡುಗ ಮಾಡಿದ್ದು ಇಷ್ಟು. ಅಂಕಗಳ ಕಡತ ತೆರೆಯದಿದ್ದಾಗ, ಒಳ್ಳೆಯ ಅಭ್ಯಾಸವೆಂದು ಎಲ್ಲಿಯೋ ಓದಿ, ಆ ಘಟನೆಯನ್ನು ದಾಖಲಿಸಲು ವ್ಯವಸ್ಥೆಯ ದಿನಚರಿಗಳಿರುವ ಕೋಶದಲ್ಲಿ (ಡೈರೆಕ್ಟರಿಯಲ್ಲಿ) ಮತ್ತೊಂದು ಕಡತವನ್ನು ತೆರೆಯಲು ಹೋಗಿದ್ದ; ಸಾಮಾನ್ಯ ಬಳಕೆದಾರನಿಗೆ ಅಲ್ಲಿ ಬರೆಯುವ ಅಧಿಕಾರವಿಲ್ಲ; ಆ ಪ್ರಯತ್ನವೂ ವಿಫಲವಾಯಿತು; ಅದಾದ ಮೇಲೆ ಪಿ-ಎರರ್ ಎಂದು ಅಂಕಗಳ ಕಡತದ ಹೆಸರನ್ನು ಕೊಟ್ಟಿದ್ದ. ಅಂಕಗಳ ಕಡತದ ವಿಷಯದಲ್ಲಿ ಬಂದಿದ್ದ ಸಂಖ್ಯೆ 2, ಅಂಥ ಕಡತವಿಲ್ಲವೆಂಬುದು. ದಾಖಲೆಯ ಕಡತದ ವಿಷಯದಲ್ಲಿ ಬಂದದ್ದು 13, ಅನುಮತಿಯಿಲ್ಲವೆಂಬುದು. ಎರಡನೆಯದು ಮೊದಲನೆಯದನ್ನು ಅಳಿಸಿತು. ಪರದೆಯ ಮೇಲೆ ಅಂಕಗಳ ಕಡತದ ಹೆಸರು, ಅದರ ಮುಂದೆ ‘ಪರ್ಮಿಶನ್ ಡಿನೈಡ್’. ಪ್ರೋಗ್ರಾಂ ಓಡುತ್ತಿದ್ದ ಕೋಶವೇ ಬೇರೆ, ಅಂಕಗಳ ಕಡತವಿದ್ದ ಕೋಶವೇ ಬೇರೆ ಎಂಬುದು ನಿಜವಾದ ಕಾರಣ. ಅದನ್ನು ತಿಳಿಯದ ಹುಡುಗ, ಬೇರೆ ಕೋಶದಲ್ಲಿ ಸುರಕ್ಷಿತವಾಗಿ ಕುಳಿತಿದ್ದ ಆ ಕಡತಕ್ಕೆ ರಾತ್ರಿಯೆಲ್ಲ ಬಗೆಬಗೆಯ ಅನುಮತಿಗಳನ್ನು ಕೊಡುತ್ತಿದ್ದ. ಸಂಖ್ಯೆಯನ್ನು ಬಂದ ಕೂಡಲೇ ತನ್ನದೊಂದು ಪೆಟ್ಟಿಗೆಯಲ್ಲಿ ಎತ್ತಿಟ್ಟುಕೊಂಡು, ದಾಖಲಿಸುವ ಕೆಲಸ ಮುಗಿದ ಮೇಲೆ ಆ ಎತ್ತಿಟ್ಟ ಸಂಖ್ಯೆಯಿಂದ ವಾಕ್ಯವನ್ನು ತೆಗೆಯುವಂತೆ ಒಂದು ಸಾಲು ಸೇರಿಸಿದೆವು. ಸರಿಯಾದ ಕಾರಣ ಬಂತು. ಎರಡು ನಿಮಿಷದಲ್ಲಿ ಸರಾಸರಿಯೂ ಬಂತು.

ಅನುಭವಿಗಳೂ ಈ ಕುಣಿಯಲ್ಲಿ ಬಿದ್ದಿದ್ದಾರೆ. 25ನೆಯ ಸಂಖ್ಯೆಗೆ ಹಳೆಯ ಯೂನಿಕ್ಸಿನಲ್ಲಿ ಇದ್ದ ವಾಕ್ಯ ‘ನಾಟ್ ಎ ಟೈಪ್‌ರೈಟರ್’, ಎಂದರೆ ‘ಇದು ಬೆರಳಚ್ಚು ಯಂತ್ರವಲ್ಲ’. ಮುದ್ರಣದ ಗ್ರಂಥಾಲಯವು ಅಕ್ಷರಗಳನ್ನು ಹೊರಗೆ ಕಳುಹಿಸುವ ಮುನ್ನ, ಆ ಬದಿಯಲ್ಲಿರುವುದು ಮನುಷ್ಯ ಕುಳಿತ ಟರ್ಮಿನಲ್ಲೋ ಬರಿಯ ಕಡತವೋ ಎಂಬುದನ್ನು ಒಳಗೊಳಗೇ ವಿಚಾರಿಸುತ್ತಿತ್ತು; ಕಡತವಾಗಿದ್ದರೆ ಆ ವಿಚಾರಣೆಯು ವಿಫಲವಾಗಿ ಎರ್‌ನೋದಲ್ಲಿ 25 ಉಳಿಯುತ್ತಿತ್ತು. ಇದು ದೋಷವೇ ಅಲ್ಲ, ಕೆಲಸದ ನಡುವಿನ ಒಂದು ಸಹಜವಾದ ಹೆಜ್ಜೆ. ಆದರೆ ವಿದ್ಯುನ್ಮಾನ ಅಂಚೆಯನ್ನು ಒಯ್ಯುತ್ತಿದ್ದ ‘ಸೆಂಡ್‌ಮೇಲ್’ ತಂತ್ರಾಂಶವು ಬೇರೆ ಕಾರಣದಿಂದ ಪತ್ರವನ್ನು ಹಿಂದಿರುಗಿಸುವಾಗ ಆ ಹಳಸಿದ ಸಂಖ್ಯೆಯನ್ನೇ ಎತ್ತಿಕೊಂಡು, ಮರಳಿದ ಪತ್ರದ ಮೇಲೆ ‘ಬೆರಳಚ್ಚು ಯಂತ್ರವಲ್ಲ’ ಎಂಬ ಷರಾ ಬರೆಯುತ್ತಿತ್ತು. ಸ್ವೀಕರಿಸಬೇಕಾದವನ ಹೆಸರು ತಪ್ಪಿದ್ದ ಮಾತ್ರಕ್ಕೆ ತನಗೂ ಬೆರಳಚ್ಚಿಗೂ ಏನು ಸಂಬಂಧವೆಂದು ಎಷ್ಟು ಜನ ತಲೆ ಕೆಡಿಸಿಕೊಂಡಿರಬಹುದೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಕಾರಣವನ್ನೇ ಹೇಳದಿರುವುದು ಕೆಟ್ಟದ್ದು. ಬೇರೊಂದು ಘಟನೆಯ ಕಾರಣವನ್ನು ಇದರದೆಂದು ಹೇಳುವುದು ಅದಕ್ಕಿಂತ ಕೆಟ್ಟದ್ದು, ಏಕೆಂದರೆ ಮನುಷ್ಯನು ಅದನ್ನು ನಂಬುತ್ತಾನೆ.

ಕೆಲವರು ವಾಕ್ಯವೇಕೆ, ಸಂಖ್ಯೆಯನ್ನೇ ಮುದ್ರಿಸಿದರೆ ಸಾಲದೇ ಎನ್ನುತ್ತಾರೆ. ಸಾಲದು. 11 ಎಂಬ ಸಂಖ್ಯೆಯು ಲಿನಕ್ಸಿನಲ್ಲಿ ‘ಸದ್ಯಕ್ಕೆ ಒದಗುತ್ತಿಲ್ಲ, ಮತ್ತೆ ಪ್ರಯತ್ನಿಸಬಹುದು’ ಎಂಬುದನ್ನು ಸೂಚಿಸಿದರೆ, ಆಪಲ್ ಸಂಸ್ಥೆಯ ಮ್ಯಾಕ್ ಗಣಕಗಳಲ್ಲಿ ಅದೇ 11 ‘ಪರಸ್ಪರ ಕಾಯುತ್ತ ಕಟ್ಟಿಬೀಳುವ ಸ್ಥಿತಿಯನ್ನು ತಪ್ಪಿಸಲಾಯಿತು’ ಎಂಬ ಬೇರೆಯೇ ಅರ್ಥದ್ದು. ಎದುರಿನ ಯಂತ್ರವು ಸಂಪರ್ಕವನ್ನು ನಿರಾಕರಿಸಿತೆಂಬುದಕ್ಕೆ ಲಿನಕ್ಸಿನಲ್ಲಿ 111, ಮ್ಯಾಕಿನಲ್ಲಿ 61. ಆದುದರಿಂದಲೇ ಬಲ್ಲವರು ಸಂಖ್ಯೆಯನ್ನು ಯಂತ್ರಕ್ಕೂ ವಾಕ್ಯವನ್ನು ಮನುಷ್ಯನಿಗೂ ಬಿಟ್ಟಿದ್ದಾರೆ. 1987ರಲ್ಲಿ ಲ್ಯಾರಿ ವಾಲ್ ರಚಿಸಿದ ಪರ್ಲ್ ಭಾಷೆಯಲ್ಲಿ ಇದಕ್ಕೆ ಒಂದು ಸೊಗಸಾದ ವ್ಯವಸ್ಥೆಯುಂಟು: ಡಾಲರ್ ಚಿಹ್ನೆಯ ಮುಂದೆ ಆಶ್ಚರ್ಯಚಿಹ್ನೆಯನ್ನಿಟ್ಟು ಬರೆಯುವ ಒಂದು ಚರಾಕ್ಷರವು, ಲೆಕ್ಕದಲ್ಲಿ ಬಳಸಿದರೆ ಸಂಖ್ಯೆಯಾಗಿಯೂ ಮಾತಿನಲ್ಲಿ ಬಳಸಿದರೆ ವಾಕ್ಯವಾಗಿಯೂ ಕಾಣಿಸಿಕೊಳ್ಳುತ್ತದೆ. ಪೈಥಾನ್ ಭಾಷೆಯು 2012ರಲ್ಲಿ ಬಂದ ತನ್ನ 3.3ನೆಯ ಆವೃತ್ತಿಯಿಂದ ಕಡತ ಸಿಗದಿರುವುದಕ್ಕೂ ಅನುಮತಿಯಿಲ್ಲದಿರುವುದಕ್ಕೂ ಬೇರೆ ಬೇರೆ ಹೆಸರುಗಳನ್ನೇ ಕೊಟ್ಟಿದೆ. ಭಾಷೆಗಳು ಬೇರೆಯಾದರೂ ಕೆಳಗೆ ಅದೇ ಎರ್‌ನೋ, ಅದೇ 2, ಅದೇ 13.

ಹಾಗಾದರೆ ಒಳ್ಳೆಯ ದೋಷಸಂದೇಶವೆಂದರೆ ಯಾವುದು? ಯಾವ ಪ್ರೋಗ್ರಾಂ ಹೇಳುತ್ತಿದೆ, ಏನನ್ನು ಮಾಡಲು ಹೋಗಿತ್ತು, ಯಾವ ವಸ್ತುವಿನ ಮೇಲೆ, ಏಕೆ ಆಗಲಿಲ್ಲ ಎಂಬುದು ಅದರಲ್ಲಿ ಇರಬೇಕು. ‘ಕಡತ ತೆರೆಯುವಲ್ಲಿ ದೋಷ’ ಎಂದರೆ ಯಾವ ಕಡತವೆಂಬುದು ತಿಳಿಯದು. ಕಡತದ ಹೆಸರನ್ನು ಮಾತ್ರ ಹೇಳಿದರೆ ಏಕೆಂಬುದು ತಿಳಿಯದು. ಕಾರಣವನ್ನು ಮಾತ್ರ ಹೇಳಿದರೆ ಯಾವುದಕ್ಕೆಂಬುದು ತಿಳಿಯದು. ಹೆಸರನ್ನು ನಮ್ಮಿಂದ ಕೇಳಿ ಪಡೆದು ಕಾರಣವನ್ನು ತಾನೇ ಸೇರಿಸುವ ಪಿ-ಎರರ್‌ನ ಪುಟ್ಟ ರಚನೆಯಲ್ಲಿ ಇದರ ಬಹುಭಾಗವು ಅಡಗಿದೆ. ಅನೇಕರು ಅಲ್ಲಿ ಕಡತದ ಹೆಸರನ್ನು ಕೊಡುವ ಬದಲು ‘ಎರರ್’ ಎಂದೇ ಬರೆದು ಅದರ ಅರ್ಧ ಪ್ರಯೋಜನವನ್ನು ಕಳೆಯುತ್ತಾರೆ.

ಇನ್ನು ಭಾಷೆಯ ಪ್ರಶ್ನೆ. ಮಲ್ಟಿಕ್ಸ್ ಎಂಬ ಹಿಂದಿನ ಆಪರೇಟಿಂಗ್ ಸಿಸ್ಟಮಿನಲ್ಲಿ, ಎಂದೂ ಘಟಿಸಲಾರದೆಂದು ಬರೆದವನು ಎಣಿಸಿದ್ದ ಒಂದು ಸ್ಥಿತಿಗೆ ಲ್ಯಾಟಿನ್ ಭಾಷೆಯ ಸಂದೇಶವನ್ನು ಇಡಲಾಗಿತ್ತು. ‘ಇಂದು ಮೂಲಕ್ಕೆ ಸಹೋದರನೊಬ್ಬನು ಹುಟ್ಟಿದನು’ ಎಂಬುದು ಅದರ ಅರ್ಥ. ಅದೊಂದು ದಿನ ನಿಜವಾಗಿಯೂ ಮುದ್ರಿತವಾಯಿತು; ಅದನ್ನು ಕಂಡವರು ಏನೂ ತೋಚದೆ ಕೂತರು. ಜತ್ತದ ಕನ್ನಡ ಶಾಲೆಯಿಂದ ಬಂದ ಹುಡುಗನಿಗೆ ‘ಇನಪ್ರೋಪ್ರಿಯೇಟ್ ಐಆಕ್ಟಲ್ ಫಾರ್ ಡಿವೈಸ್’ ಎಂಬ ಇಂಗ್ಲಿಷ್ ದೋಷಸಂದೇಶವು ಆ ಲ್ಯಾಟಿನ್ನಿಗಿಂತ ಹೆಚ್ಚು ಹತ್ತಿರದ್ದೇನೂ ಅಲ್ಲ. ಬುದ್ಧಿ ಕಡಿಮೆಯೆಂದು ಅವನು ಸೋಲುತ್ತಿಲ್ಲ. ಷರಾ ಬರೆದಿರುವ ಭಾಷೆ ಅವನದಲ್ಲ. ಮಕ್ಕಳಿಗಾಗಿ 1967ರಲ್ಲಿ ರೂಪುಗೊಂಡ ಲೋಗೋ ಭಾಷೆಯ ಕರ್ತೃಗಳು ಇದನ್ನು ಅರಿತವರಾಗಿದ್ದರು. ತಿಳಿಯದ ಆಜ್ಞೆಯನ್ನು ಕೊಟ್ಟಾಗ ಲೋಗೋ ‘ನೀನು ತಪ್ಪಿದೆ’ ಎನ್ನುವುದಿಲ್ಲ. ‘ಇದನ್ನು ಹೇಗೆ ಮಾಡಬೇಕೆಂಬುದು ನನಗೆ ತಿಳಿಯದು’ ಎನ್ನುತ್ತದೆ. ಮಗುವಿಗೆ ಆಗ ಸಹಜವಾಗಿಯೇ ಯಂತ್ರಕ್ಕೆ ಕಲಿಸುವ ಮನಸ್ಸಾಗುತ್ತದೆ. ಆ ಲೋಗೋವನ್ನು ಡಾಕ್ಟರ್ ಯು. ಬಿ. ಪವನಜರು ಕನ್ನಡಕ್ಕೆ ತಂದು, ಕನ್ನಡದ ಮಗುವೂ ಯಂತ್ರದೊಡನೆ ತನ್ನ ಮಾತಿನಲ್ಲಿ ವ್ಯವಹರಿಸಬಹುದೆಂದು ತೋರಿಸಿದರು.

ಹುಡುಗನೂ ನಾನೂ ಮುಂದಿನ ಭಾನುವಾರಗಳಲ್ಲಿ ಈ ಷರಾಗಳನ್ನು ಕನ್ನಡಿಸಲು ಕುಳಿತೆವು. ಆಗ ತಿಳಿದುಬಂದ ಕೆಲವು ಸೂಕ್ಷ್ಮಗಳನ್ನು ಇಲ್ಲಿ ಹೇಳದಿರಲಾರೆ. ಇಂಗ್ಲಿಷಿನಲ್ಲಿ ‘ಕ್ಯಾನಾಟ್ ಓಪನ್’ ಎಂದು ಬರೆದು ಅದರ ಮುಂದೆ ಯಾವ ಕಡತದ ಹೆಸರನ್ನು ಅಂಟಿಸಿದರೂ ವಾಕ್ಯವಾಗುತ್ತದೆ. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಹತ್ತಬೇಕು. ವಿಭಕ್ತಿಯು ಹೆಸರಿನ ಕೊನೆಯನ್ನು ನೋಡಿ ರೂಪ ತಾಳುತ್ತದೆ: ಲೆಕ್ಕವನ್ನು, ಪಟ್ಟಿಯನ್ನು, ಊರನ್ನು. ಯಾವ ಹೆಸರು ಬರುವುದೆಂದು ಮೊದಲೇ ತಿಳಿಯದ ಯಂತ್ರವು ವಕಾರಾಗಮವೋ ಯಕಾರಾಗಮವೋ ಎಂಬುದನ್ನು ನಿರ್ಣಯಿಸುವ ಬಗೆ ಹೇಗೆ? ಹೆಸರಿನ ಪಕ್ಕದಲ್ಲಿ ‘ಅನ್ನು’ ಎಂದು ಬಿಡಿಯಾಗಿ ಇಟ್ಟ ಅನುವಾದಗಳನ್ನು ನಾವು ಮೊಬೈಲ್ ಫೋನುಗಳಲ್ಲಿ ದಿನವೂ ಕಾಣುತ್ತೇವೆ. ಸಂಧಿಯಾಗದೆ ಉಳಿದ ಆ ‘ಅನ್ನು’ ಕಣ್ಣಿಗೆ ಚುಚ್ಚುತ್ತದೆ. ಪರಿಹಾರವು ನಮ್ಮ ಭಾಷೆಯಲ್ಲಿಯೇ ಸಿದ್ಧವಾಗಿದೆ: ‘ಎಂಬ’ ಎಂಬ ಎರಡಕ್ಷರ. ‘ಅಂಕಗಳು ಎಂಬ ಕಡತವನ್ನು ತೆರೆಯಲಾಗಲಿಲ್ಲ’ ಎಂದರೆ ಹೆಸರು ಯಾವುದೇ ಇರಲಿ, ವಿಭಕ್ತಿಯು ಅದನ್ನು ಮುಟ್ಟದೆ ‘ಕಡತ’ಕ್ಕೆ ಹತ್ತುತ್ತದೆ. ಹೆಸರನ್ನೂ ಕಾರಣವನ್ನೂ ವಿವರಣಚಿಹ್ನೆಯಿಂದ ಬೇರ್ಪಡಿಸುವ ಪಿ-ಎರರ್‌ನ ಪದ್ಧತಿಯಂತೂ ನಮಗೆಂದೇ ಮಾಡಿದಂತಿದೆ. ಅಲ್ಲಿ ವಿಭಕ್ತಿಯ ಪ್ರಶ್ನೆಯೇ ಏಳುವುದಿಲ್ಲ.

ಇನ್ನೊಂದು ಸೂಕ್ಷ್ಮ. ‘ಕ್ಯಾನಾಟ್ ಓಪನ್’ ಎಂಬುದಕ್ಕೆ ಕನ್ನಡದಲ್ಲಿ ಎರಡು ರೂಪಗಳಿವೆ. ‘ತೆರೆಯಲಾಗಲಿಲ್ಲ’ ಎಂದರೆ ಪ್ರಯತ್ನಿಸಿದೆ, ಈ ಸಲ ಆಗಲಿಲ್ಲ. ‘ತೆರೆಯಲಾಗುವುದಿಲ್ಲ’ ಎಂದರೆ ಮತ್ತೆ ಪ್ರಯತ್ನಿಸಿಯೂ ಫಲವಿಲ್ಲ. ಮೊದಲನೆಯದನ್ನು ಓದಿದವನು ಸ್ವಲ್ಪ ತಡೆದು ಮತ್ತೆ ಗುಂಡಿ ಒತ್ತಿಯಾನು. ಎರಡನೆಯದನ್ನು ಓದಿದವನು ಬೇರೆ ದಾರಿ ಹುಡುಕಿಯಾನು. ಇಂಗ್ಲಿಷಿನ ಆ ಮಾತಿನಲ್ಲಿ ಕಲಸಿಹೋಗಿರುವ ಭೇದವನ್ನು ನಮ್ಮ ಕ್ರಿಯಾಪದವು ಸ್ಪಷ್ಟವಾಗಿ ಬಿಡಿಸಿ ಹೇಳುತ್ತದೆ. ಹೀಗಿರುವಾಗ ಅನುವಾದಕನು ಪದಕ್ಕೆ ಪದವನ್ನಿಟ್ಟು ಮುಂದೆ ಹೋಗಬಾರದು. ಯಂತ್ರದಲ್ಲಿ ನಿಜವಾಗಿ ಏನು ನಡೆಯಿತೆಂಬುದನ್ನು ಮೊದಲು ತಿಳಿಯಬೇಕು. 32ನೆಯ ಸಂಖ್ಯೆಯ ‘ಬ್ರೋಕನ್ ಪೈಪ್’ ಎಂಬುದನ್ನು ‘ಮುರಿದ ಕೊಳವೆ’ ಎಂದರೆ ಓದುವವನು ಕೊಳಾಯಿಯವನನ್ನು ನೆನೆದಾನು. ಅಲ್ಲಿ ನಡೆದಿರುವುದೇನೆಂದರೆ, ಒಂದು ಪ್ರೋಗ್ರಾಂ ಬರೆಯುತ್ತಿರುವಾಗ ಇನ್ನೊಂದು ಬದಿಯಲ್ಲಿ ಓದುತ್ತಿದ್ದ ಪ್ರೋಗ್ರಾಂ ತನ್ನ ಕೆಲಸ ಮುಗಿಸಿ ಹೊರಟುಹೋಗಿದೆ. ಹುಡುಗನು ಒಂದು ಗಳಿಗೆ ಯೋಚಿಸಿ, “ಓದಾವ್ರು ಎದ್ದು ಹೋಗ್ಯಾರ ಅಂತ ಬರೀಬೋದಲ್ರಿ ಕಾಕಾ?” ಎಂದ. ‘ಓದುವ ಕಡೆ ಮುಚ್ಚಿದೆ’ ಎಂದು ಬರೆದುಕೊಂಡೆವು. ಅದಕ್ಕಿಂತ ಒಳ್ಳೆಯದು ಇನ್ನೂ ನನಗೆ ಹೊಳೆದಿಲ್ಲ.

ಈ ಕೆಲಸಕ್ಕೆ ಅಡ್ಡಿಯಾದ ಸಂಗತಿಗಳು ಒಂದು ಕಾಲದಲ್ಲಿ ನಿಜವಾಗಿಯೂ ಇದ್ದವು. ಕನ್ನಡದ ಅಕ್ಷರಗಳನ್ನು ಗಣಕದಲ್ಲಿ ಮೂಡಿಸುವುದೇ ಸಾಹಸವಾಗಿತ್ತು. ನಮ್ಮ ಪುಣೆಯಲ್ಲಿಯೇ 1988ರಲ್ಲಿ ಸ್ಥಾಪಿತವಾದ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ತಂತ್ರಜ್ಞಾನವು ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಪರದೆಯ ಮೇಲೆ ತಂದಿತು, ಕೆ. ಪಿ. ರಾಯರು ಕನ್ನಡಕ್ಕೊಂದು ತರ್ಕಬದ್ಧವಾದ ಕೀಲಿಮಣೆಯನ್ನು ಕೊಟ್ಟರು. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಈಗ ಆ ಅಡ್ಡಿಗಳಾವುವೂ ಉಳಿದಿಲ್ಲ. ವಾಕ್ಯಗಳನ್ನು ಪ್ರೋಗ್ರಾಂನಿಂದ ಹೊರಗಿಟ್ಟು ಭಾಷೆಭಾಷೆಗೆ ಬೇರೆ ಕಡತಗಳಲ್ಲಿ ಕಾಯ್ದಿಡುವ ‘ಗೆಟ್‌ಟೆಕ್ಸ್ಟ್’ ಎಂಬ ವ್ಯವಸ್ಥೆಯನ್ನು ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯವರು ಎಂದೋ ಸಿದ್ಧಪಡಿಸಿದ್ದಾರೆ. ಸ್ಟ್ರ್‌ಎರರ್ ಮತ್ತು ಪಿ-ಎರರ್‌ಗಳು ಬಳಕೆದಾರನು ಆರಿಸಿಕೊಂಡ ಭಾಷೆಯನ್ನು ನೋಡಿ, ಅನುವಾದವಿದ್ದರೆ ಅದನ್ನೂ ಇಲ್ಲದಿದ್ದರೆ ಇಂಗ್ಲಿಷನ್ನೂ ಕೊಡುತ್ತವೆ. ಪ್ರೋಗ್ರಾಂನ ಆರಂಭದಲ್ಲಿ ‘ಸೆಟ್‌ಲೊಕೇಲ್’ ಎಂಬ ಒಂದು ಸಾಲನ್ನು ಬರೆಯುವುದು ಮಾತ್ರ ಕಡ್ಡಾಯ; ಆ ಸಾಲಿಲ್ಲದಿದ್ದರೆ ಭಾಷೆಯ ಆಯ್ಕೆಯನ್ನು ಯಂತ್ರವು ಗಣಿಸುವುದೇ ಇಲ್ಲ. ಹುಡುಗನ ಲ್ಯಾಪ್‌ಟಾಪಿನಲ್ಲಿ ಭಾಷೆಯನ್ನು ಕನ್ನಡವೆಂದು ಆರಿಸಿ, ಆ ಸಾಲನ್ನೂ ಬರೆದು ನೋಡಿದೆವು. ತಿಂಗಳ ಹೆಸರು ಕನ್ನಡದಲ್ಲಿ ಬಂತು. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಮಾತ್ರ ಇಂಗ್ಲಿಷಿನಲ್ಲಿಯೇ ಉಳಿಯಿತು.

ಪುಣೆಯಲ್ಲಿ, ಹಿಂಜೆವಾಡಿಯ ಕಚೇರಿಗಳಲ್ಲಿ, ಬೆಂಗಳೂರಿನಲ್ಲಿ, ಮೈಸೂರಿನಲ್ಲಿ, ಸಮುದ್ರದಾಚೆಯ ಊರುಗಳಲ್ಲಿ ಸಿ ಭಾಷೆಯನ್ನು ಅರೆದು ಕುಡಿದ ಕನ್ನಡಿಗರು ಬೇಕಾದಷ್ಟು ಮಂದಿ ಇದ್ದಾರೆ. ಅವರಲ್ಲಿ ನನ್ನ ವಿನಂತಿ ಎರಡು. ನಿಮ್ಮ ಪ್ರೋಗ್ರಾಂಗಳಲ್ಲಿ ಕೆಲಸವು ಕೆಟ್ಟಾಗ ಯಂತ್ರ ಕೊಟ್ಟ ಕಾರಣವನ್ನು ಕೂಡಲೇ ಎತ್ತಿಟ್ಟು, ವಸ್ತುವಿನ ಹೆಸರಿನೊಡನೆ, ಸರಿಯಾದ ಕಾಲುವೆಯಲ್ಲಿ ಹೊರಗೆ ಹೇಳಿರಿ. ಮತ್ತು ಆ ನೂರ ಮೂವತ್ತು ಚಿಲ್ಲರೆ ವಾಕ್ಯಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ಕೈಜೋಡಿಸಿರಿ. ನಾಲ್ಕು ಜನ ಕೂಡಿದರೆ ಅದು ಕೆಲವು ಭಾನುವಾರಗಳ ಕೆಲಸ. ದೇಹೂ ರೋಡಿನ ನಮ್ಮ ಪಡಸಾಲೆಯಲ್ಲಿ 1ರಿಂದ 34ರವರೆಗಿನವು ಒಂದು ನೋಟುಪುಸ್ತಕದಲ್ಲಿ ಸಿದ್ಧವಾಗಿವೆ. 35ನೆಯದರಿಂದ ಬಾಕಿ ಇವೆ.